ಸ್ವಾಲ್ಬಾರ್ಡ್‌ನಲ್ಲಿ ಇಪ್ಪತ್ತು ಮೀಟರ್ ಆಳದ ರಂಧ್ರ: ಹೆಪ್ಪುಗಟ್ಟಿದ ನೆಲದ ಉಷ್ಣತೆ ಅಳೆಯಲು ಹೊರಟವರಿಗೆ

ಮೊದಲ ಅರ್ಜಿ ಹಾಕಿದ ದಿನದಿಂದ ನಂಬಬಹುದಾದ ಅಂಕಿ ಕೈಗೆ ಸಿಗುವವರೆಗೆ ಎರಡು ವರ್ಷ ಎಂಟು ತಿಂಗಳು ಹಿಡಿಯಿತು. ಅದರಲ್ಲಿ ನೆಲ ಕೊರೆದದ್ದು ಒಂದೂವರೆ ದಿನ. ಉಳಿದದ್ದು ಕಾಗದಪತ್ರ, ಸಂವೇದಕಗಳ ಪರೀಕ್ಷೆ, ಸಾಗಣೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಯುವಿಕೆ. ಜಾಗ ನಾರ್ವೆಗೆ ಸೇರಿದ, ಆರ್ಕ್ಟಿಕ್ ಸಾಗರದ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗ್‌ಯಿಯರ್‌ಬಿಯೆನ್ ಊರಿನ ಪಕ್ಕದ ಅಡ್ವೆಂಟ್‌ಡಾಲೆನ್ ಕಣಿವೆ, ಉತ್ತರ ಅಕ್ಷಾಂಶ 78 ಡಿಗ್ರಿ. ಇದೇ ಕೆಲಸಕ್ಕೆ ಕೈ ಹಾಕುವವರು ನಾವು ಎಡವಿದ ಕಡೆ ಎಡವದಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ತೊಡಕು ಇರುವುದು ಇಲ್ಲಿ: ನೆಲದೊಳಗಿನ ಉಷ್ಣತೆ ಅಳೆಯಲು ರಂಧ್ರ ಬೇಕು, ರಂಧ್ರ ಕೊರೆದರೆ ಆ ಉಷ್ಣತೆಯೇ ಕೆಡುತ್ತದೆ. ಮುಂದೆ ಮಾಡುವುದೆಲ್ಲ ಆ ಕೆಡುಕನ್ನು ಆದಷ್ಟು ಕಡಿಮೆ ಮಾಡುವ, ಮಿಕ್ಕದ್ದು ತಾನಾಗಿ ಮಾಯುವವರೆಗೆ ಕಾಯುವ ಕೆಲಸ. ಯಾವ ಹಂತದಲ್ಲಿ ಗೊಂದಲವಾದರೂ ಈ ಮಾತಿಗೆ ಮರಳಿ ಬನ್ನಿ, ದಾರಿ ಸಿಗುತ್ತದೆ.

ಸತತ ಎರಡು ವರ್ಷ ಸೊನ್ನೆ ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೇ ಇರುವ ನೆಲ ಪರ್ಮಾಫ್ರಾಸ್ಟ್. ಅದರಲ್ಲಿ ಮಂಜುಗಡ್ಡೆ ಇರಲೇಬೇಕೆಂದಿಲ್ಲ, ಒಣ ಬಂಡೆಯೂ ಪರ್ಮಾಫ್ರಾಸ್ಟೇ. ಅದರ ಮೇಲೆ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುವ ಪದರವೊಂದಿದೆ, ಅಡ್ವೆಂಟ್‌ಡಾಲೆನ್‌ನಲ್ಲಿ ಸುಮಾರು ಒಂದು ಮೀಟರ್ ದಪ್ಪ. ಅದನ್ನು ಇಲ್ಲಿ ಕರಗುಪದರ ಎನ್ನುತ್ತೇನೆ. ಪರ್ಮಾಫ್ರಾಸ್ಟ್ ಎಷ್ಟು ಆಳದವರೆಗಿದೆ ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ಕಣಿವೆಯ ತಳದಲ್ಲಿ ಸುಮಾರು 100 ಮೀಟರ್, ಬೆಟ್ಟಗಳಲ್ಲಿ 400 ಮೀಟರಿಗೂ ಹೆಚ್ಚು. ಇದೇ ಕಣಿವೆಯ ಮೇಲಿನ ಯಾನ್ಸನ್‌ಹೌಗೆನ್ ಗುಡ್ಡದಲ್ಲಿ 1998ರಲ್ಲಿ ಕೊರೆದ 102 ಮೀಟರ್ ರಂಧ್ರ ಇಂದಿಗೂ ಅಂಕಿ ಕೊಡುತ್ತಿದೆ. ಅಲ್ಲಿ ಪರ್ಮಾಫ್ರಾಸ್ಟ್ ಸುಮಾರು 220 ಮೀಟರ್ ದಪ್ಪವಿದೆ ಎಂದು ಅಂದಾಜು.

ನಾವು ಇಪ್ಪತ್ತು ಮೀಟರ್ ಆರಿಸಿಕೊಂಡದ್ದಕ್ಕೆ ಲೆಕ್ಕವಿದೆ. ಬಾವಿಯ ನೀರು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ ಅನ್ನಿಸುವುದು ನಮಗೆಲ್ಲ ಗೊತ್ತು. ಮೇಲಿನ ಋತುಗಳ ಏರಿಳಿತ ಕೆಳಗೆ ಹೋದಂತೆ ಸಣ್ಣದಾಗುತ್ತದೆ, ತಡವೂ ಆಗುತ್ತದೆ. ನೆಲದ ಉಷ್ಣ ವಿಸರಣ ಗುಣಾಂಕವನ್ನು (ನೆಲದೊಳಗೆ ಉಷ್ಣತೆಯ ಬದಲಾವಣೆ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ) ಸೆಕೆಂಡಿಗೆ ಒಂದು ಚದರ ಮಿಲಿಮೀಟರ್ ಎಂದು ಹಿಡಿದರೆ, ವಾರ್ಷಿಕ ಏರಿಳಿತ ಪ್ರತಿ 3.2 ಮೀಟರಿಗೆ ಸುಮಾರು ಶೇಕಡಾ 37ರಷ್ಟಕ್ಕೆ ಇಳಿಯುತ್ತದೆ. ಮೇಲ್ಮೈಯಲ್ಲಿ ಸರಾಸರಿಯಿಂದ 15 ಡಿಗ್ರಿ ಆಚೀಚೆ ಓಡಾಡಿದರೆ 10 ಮೀಟರ್‌ನಲ್ಲಿ ಅದು ಸುಮಾರು 0.6, 15 ಮೀಟರ್‌ನಲ್ಲಿ 0.13, 20 ಮೀಟರ್‌ನಲ್ಲಿ 0.03. ಅಂದರೆ ಇಪ್ಪತ್ತು ಮೀಟರ್ ಕೆಳಗೆ ಋತು ಎಂಬುದೇ ಹೆಚ್ಚುಕಡಿಮೆ ಇಲ್ಲ. ಅಲ್ಲಿ ಬದಲಾವಣೆ ಕಂಡರೆ ಅದು ವರ್ಷಗಳ ಬದಲಾವಣೆ. 10 ಮೀಟರ್‌ನಲ್ಲಿ ತಡ ಅರ್ಧ ವರ್ಷದಷ್ಟಾಗುವುದರಿಂದ ಮೇಲೆ ಬೇಸಿಗೆ ಇರುವಾಗ ಅಲ್ಲಿ ವರ್ಷದ ಅತಿ ಚಳಿ. ಮೊದಲ ಸಲ ಗ್ರಾಫ್ ನೋಡಿದವರು ಕೇಬಲ್ ಅದಲುಬದಲಾಗಿದೆ ಎಂದು ಗಾಬರಿಯಾಗುತ್ತಾರೆ. ಆಗಬೇಡಿ, ಅದೇ ಸರಿ.

ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು? ಜಗತ್ತಿನಾದ್ಯಂತ ಇಂಥ ರಂಧ್ರಗಳ ಅಂಕಿಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ 2007ರಿಂದ 2016ರ ನಡುವೆ ಪರ್ಮಾಫ್ರಾಸ್ಟ್ ಸರಾಸರಿ 0.29 ಡಿಗ್ರಿ ಬಿಸಿಯಾಗಿದೆ. ಒಂದು ವರ್ಷಕ್ಕೆ 0.03. ಹಾಗಾಗಿ 0.25 ಡಿಗ್ರಿ ತಪ್ಪುವ ಸಂವೇದಕ ಕರಗುಪದರಕ್ಕೆ ಸಾಕಾದರೂ ಆಳಕ್ಕೆ ಸಾಲದು. ಗುರಿ 0.01 ಇರಲಿ, 0.02 ಸಿಕ್ಕರೆ ಸಂತೋಷಪಡಿ.

ಈಗ ಕಾಗದಪತ್ರ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ ಎಂಬ ಮಾತು ನಿಜ, ಆದರೆ ಅರ್ಧ ನಿಜ. ಅಲ್ಲಿಗೆ ವಿಮಾನ ಹೋಗುವುದು ನಾರ್ವೆಯ ಓಸ್ಲೋ, ಟ್ರೋಮ್ಸೋ ಮೂಲಕ, ಮತ್ತು ಸ್ವಾಲ್ಬಾರ್ಡ್ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ) ಹೊರಗಿದೆ. ಹೋಗುವಾಗ ಷೆಂಗೆನ್‌ನಿಂದ ಹೊರಗೆ ಬಿದ್ದು, ಬರುವಾಗ ಮತ್ತೆ ಒಳಗೆ ಬರಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕನಿಷ್ಠ ಎರಡು ಪ್ರವೇಶದ ವೀಸಾ ಬೇಕೇ ಬೇಕು. ನಮ್ಮ ತಂಡದ ಒಬ್ಬರಿಗೆ ಒಂದೇ ಪ್ರವೇಶದ ವೀಸಾ ಅಂಟಿಸಿ ಕೊಟ್ಟಿದ್ದರು. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ನೋಡಿದ್ದರಿಂದ ಸರಿಪಡಿಸಲು ಮೂರು ವಾರ ಸಾಕಾಯಿತು. ಆ ಮೂರು ವಾರ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಅರ್ಜಿಯ ಜೊತೆಗಿನ ಪತ್ರದಲ್ಲಿ ಸ್ವಾಲ್ಬಾರ್ಡ್ ಷೆಂಗೆನ್ ಹೊರಗಿದೆ, ಆದ್ದರಿಂದ ಎರಡು ಪ್ರವೇಶ ಬೇಕು ಎಂದು ಬಿಡಿಸಿ ಬರೆಯಿರಿ. ವೀಸಾ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ.

ನೆಲಕ್ಕೆ ಕೈ ಹಚ್ಚುವ ಯಾವ ಕೆಲಸಕ್ಕೂ ಸ್ವಾಲ್ಬಾರ್ಡ್‌ನ ಗವರ್ನರ್ ಕಚೇರಿಯ ಅನುಮತಿ ಬೇಕು. ಸ್ಥಳೀಯರ ಬಾಯಲ್ಲಿ ಅದು ಸಿಸೆಲ್‌ಮೆಸ್ಟರ್. ಮೊದಲು ರಿಸರ್ಚ್ ಇನ್ ಸ್ವಾಲ್ಬಾರ್ಡ್ ಎಂಬ ಪೋರ್ಟಲ್‌ನಲ್ಲಿ ಯೋಜನೆ ದಾಖಲಿಸಿ, ಅಲ್ಲಿಂದಲೇ ಅರ್ಜಿ ಕಳಿಸಬಹುದು. ಅವರಿಗೆ ಬೇಕಾದದ್ದು ವಿಜ್ಞಾನಕ್ಕಿಂತ ವಿವರ: ರಂಧ್ರದ ನಿಖರ ಜಾಗ, ವ್ಯಾಸ, ಆಳ, ಯಂತ್ರದ ತೂಕ, ಹೋಗಿಬರುವ ದಾರಿ, ಇಂಧನ ಚೆಲ್ಲಿದರೆ ಏನು ಮಾಡುತ್ತೀರಿ, ಕೊರೆಯಲು ನೀರು ಅಥವಾ ರಾಸಾಯನಿಕ ಬಳಸುತ್ತೀರಾ, ಯೋಜನೆ ಮುಗಿದ ಮೇಲೆ ಎಲ್ಲವನ್ನೂ ಯಾವಾಗ ಕಿತ್ತೊಯ್ಯುತ್ತೀರಿ. ನಮ್ಮ ಅರ್ಜಿ ಒಮ್ಮೆ ವಾಪಸ್ ಬಂತು. ಕಾರಣ, 1946ಕ್ಕಿಂತ ಹಿಂದಿನ ಮಾನವ ಕುರುಹುಗಳಿಗೆಲ್ಲ ಅಲ್ಲಿ ಕಾನೂನಿನ ರಕ್ಷಣೆ ಇದೆ, ಸುತ್ತ 100 ಮೀಟರ್ ಸೇರಿಸಿ. ನಾವು ಗುರುತು ಹಾಕಿದ್ದ ಜಾಗದ ಪಕ್ಕದಲ್ಲಿ ಹಳೆಯ ಗಣಿಗಾರಿಕೆ ಕಾಲದ ಕೊಳೆತ ಮರದ ತುಂಡುಗಳಿದ್ದವು. ನಮಗದು ಕಸದಂತೆ ಕಂಡಿತ್ತು, ಕಾನೂನಿಗೆ ಅದು ಪರಂಪರೆ. ರಂಧ್ರವನ್ನು ದೂರ ಸರಿಸಿ ಮತ್ತೆ ಅರ್ಜಿ ಹಾಕಿದೆವು. ಜಾಗ ಆರಿಸುವ ಮೊದಲೇ ಸ್ಮಾರಕಗಳ ನಕ್ಷೆ ತೆರೆದು ನೋಡಿ, ಎರಡು ಪರ್ಯಾಯ ಜಾಗಗಳನ್ನೂ ಅರ್ಜಿಯಲ್ಲೇ ಬರೆದಿಡಿ.

ಊರಿನಾಚೆ ಹಿಮಕರಡಿಯ ಭಯ ನಿಜವಾದದ್ದು. ಅದನ್ನು ಬೆದರಿಸುವ ಸಾಧನ ಜೊತೆಗಿಲ್ಲದೆ ಹೊರಗೆ ಕಾಲಿಡುವಂತಿಲ್ಲ, ರೈಫಲ್ ಇರಲಿ ಎಂಬುದು ಅಲ್ಲಿನ ಆಡಳಿತದ ಸಲಹೆ. ತಮ್ಮದೇ ಲೈಸೆನ್ಸ್ ಇಲ್ಲದವರು ಬಾಡಿಗೆಗೆ ಪಡೆಯಲು ಗವರ್ನರ್ ಕಚೇರಿಗೆ ಬೇರೆ ಅರ್ಜಿ ಹಾಕಬೇಕು, ಅದಕ್ಕೆ ಊರಿನ ಪೊಲೀಸ್ ದೃಢೀಕರಣ ಪತ್ರ ಬೇಕಾಗುತ್ತದೆ. ಭಾರತದಲ್ಲಿ ಅದು ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಸಿಗುತ್ತದೆ, ಶುಲ್ಕ 500 ರೂಪಾಯಿ, ಆದರೆ ಠಾಣೆಯ ಪರಿಶೀಲನೆಗೆ ಸಮಯ ಬೇಕು. ಕೊರೆಯುವ ಯಂತ್ರದ ಗದ್ದಲದಲ್ಲಿ ಕರಡಿ ಹತ್ತಿರ ಬಂದರೂ ಕೇಳಿಸದು. ಒಬ್ಬರು ಬೇರೇನೂ ಮಾಡದೆ ಸುತ್ತ ನೋಡುತ್ತ ನಿಲ್ಲಲೇಬೇಕು. ಜನರನ್ನು ಲೆಕ್ಕ ಹಾಕುವಾಗ ಆ ಒಬ್ಬರನ್ನು ಕೆಲಸಕ್ಕೆ ಸೇರಿಸಬೇಡಿ.

ಕಾಗದಗಳು ಓಡಾಡುತ್ತಿದ್ದ ಎಂಟು ತಿಂಗಳಲ್ಲಿ ಸಂವೇದಕಗಳ ಕೆಲಸ ಮುಗಿಸಿದೆವು. ಇಡೀ ಯೋಜನೆ ನಿಲ್ಲುವುದೂ ಬೀಳುವುದೂ ಇಲ್ಲೇ.

ಬಳಸಿದ್ದು ಥರ್ಮಿಸ್ಟರ್, ಅಂದರೆ ಉಷ್ಣತೆ ಬದಲಾದಂತೆ ವಿದ್ಯುತ್ ರೋಧ ಬದಲಾಗುವ ಸಂವೇದಕ, 25 ಡಿಗ್ರಿಯಲ್ಲಿ 10,000 ಓಮ್ ರೋಧ ಇರುವ ಜಾತಿ. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ 29,490 ಓಮ್. ಉಷ್ಣತೆ ಒಂದು ಡಿಗ್ರಿ ಇಳಿದರೆ ರೋಧ ಶೇಕಡಾ ಐದರಷ್ಟು ಏರುತ್ತದೆ, ಅಂದರೆ 0.01 ಡಿಗ್ರಿಗೆ ಸುಮಾರು 15 ಓಮ್. ತಂತಿಯ ರೋಧವೂ ಇದಕ್ಕೆ ಸೇರಿಕೊಳ್ಳುತ್ತದೆ. 24 ಗೇಜ್ ತಾಮ್ರದ ತಂತಿ 20 ಮೀಟರ್ ಹೋಗಿ ಬಂದರೆ 3.4 ಓಮ್, ಅದರಿಂದಾಗುವ ತಪ್ಪು 0.002 ಡಿಗ್ರಿ, ಬಿಡಬಹುದು. ನೂರು ಮೀಟರಿನ ರಂಧ್ರವಾದರೆ 0.01 ದಾಟುತ್ತದೆ, ಆಗ ಕಳೆಯಲೇಬೇಕು. 2,252 ಓಮ್‌ನ ಥರ್ಮಿಸ್ಟರ್ ಆರಿಸಿದರೆ ಇದೇ ತಪ್ಪು ನಾಲ್ಕು ಪಟ್ಟು.

ಇನ್ನೊಂದು ಎಚ್ಚರ, ಅಳೆಯುವ ವಿದ್ಯುತ್ತೇ ಸಂವೇದಕವನ್ನು ಬಿಸಿ ಮಾಡುತ್ತದೆ. ಸಾಮಾನ್ಯ ಮಲ್ಟಿಮೀಟರ್ 100 ಮೈಕ್ರೋಆಂಪ್ ಹರಿಸಿದರೆ 8,000 ಓಮ್‌ನ ಸಂವೇದಕದಲ್ಲಿ (2,252 ಓಮ್‌ನ ಜಾತಿಗೆ ಸೊನ್ನೆಗಿಂತ ತುಸು ಕೆಳಗೆ ಇಷ್ಟು ರೋಧ) 0.08 ಮಿಲಿವಾಟ್ ಶಾಖ ಹುಟ್ಟುತ್ತದೆ. ಅಲುಗಾಡದ ಗಾಳಿಯಲ್ಲಿ ಮಿಲಿವಾಟಿಗೆ ಒಂದು ಡಿಗ್ರಿ ಎಂಬುದು ಇವುಗಳ ಸ್ವಭಾವ. 0.08 ಡಿಗ್ರಿ ಅಲ್ಲಿಗೇ ಹೋಯಿತು. ಲಾಗರ್ (ಅಂಕಿಗಳನ್ನು ತಾನಾಗಿ ಓದಿ ದಾಖಲಿಸುವ ಪೆಟ್ಟಿಗೆ) 10 ಮೈಕ್ರೋಆಂಪ್ ಅಥವಾ ಅದಕ್ಕಿಂತ ಕಡಿಮೆ, ಅದೂ ಒಂದು ಕ್ಷಣ ಮಾತ್ರ ಹರಿಸುವಂಥದ್ದಿರಲಿ.

ಆಳಗಳನ್ನು ನಾವಾಗಿ ಆರಿಸಲಿಲ್ಲ. ಪರ್ಮಾಫ್ರಾಸ್ಟ್ ಅಳೆಯಲು ರಂಧ್ರಗಳನ್ನು ಕೊರೆದ ಯುರೋಪಿನ ಪೇಸ್ ಯೋಜನೆ 1990ರ ದಶಕದ ಕೊನೆಯಲ್ಲಿ ಬಳಸಿದ ಪಟ್ಟಿಯನ್ನೇ ಹಿಡಿದೆವು, ಬೇರೆ ರಂಧ್ರಗಳೊಂದಿಗೆ ಹೋಲಿಸಲು ಅನುಕೂಲ. ಹದಿನಾರು ಚಾನೆಲ್‌ನ ಲಾಗರ್ ಆದ್ದರಿಂದ 3.5 ಮತ್ತು 11 ಮೀಟರ್ ಕೈಬಿಟ್ಟು, 0.2, 0.4, 0.8, 1.2, 1.6, 2, 2.5, 3, 4, 5, 7, 9, 10, 13, 15, 20 ಮೀಟರ್ ಇಟ್ಟುಕೊಂಡೆವು. ಮೇಲ್ಭಾಗದಲ್ಲಿ ದಟ್ಟವಾಗಿರಲು ಕಾರಣವಿದೆ. ಚಳಿಗಾಲದಲ್ಲಿ 0.4 ಮತ್ತು 0.8 ಮೀಟರ್ ನಡುವೆ ಕೆಲವು ಡಿಗ್ರಿ ವ್ಯತ್ಯಾಸ ಇರಬಹುದು, ಅಲ್ಲಿ ಐದು ಸೆಂಟಿಮೀಟರ್ ತಪ್ಪಿದರೂ ಅಂಕಿ ಕೆಡುತ್ತದೆ. ಕೆಳಗೆ ಭೂಮಿಯ ಶಾಖದ ಏರಿಕೆ ನೂರು ಮೀಟರಿಗೆ ಎರಡು ಮೂರು ಡಿಗ್ರಿ ಮಾತ್ರ. ಹತ್ತು ಸೆಂಟಿಮೀಟರ್ ತಪ್ಪಿದರೂ ಅಲ್ಲಿ ಏನೂ ಆಗದು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ತೇವಕ್ಕೆ. ಸಂವೇದಕದ ಜೋಡಣೆಯಲ್ಲಿ ಸಣ್ಣ ಬಿರುಕಿನಿಂದ ತೇವ ಇಳಿದರೆ ಎರಡು ತಂತಿಗಳ ನಡುವೆ ವಿದ್ಯುತ್ ಸೋರುತ್ತದೆ. ಆ ಸೋರಿಕೆಯ ರೋಧ 10 ಮೆಗಾಓಮ್ ಇದ್ದರೆ ಅಂಕಿ 0.06 ಡಿಗ್ರಿ ಬಿಸಿ ತೋರಿಸುತ್ತದೆ, 1 ಮೆಗಾಓಮ್ ಆದರೆ 0.6 ಡಿಗ್ರಿ. ತೇವ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಹೆಚ್ಚುವುದರಿಂದ ನೆಲವೇ ಬಿಸಿಯಾಗುತ್ತಿರುವಂತೆ ಕಾಣುತ್ತದೆ. ನಾವು ಹುಡುಕುತ್ತಿರುವ ಸಂಗತಿಯ ವೇಷವನ್ನೇ ಈ ದೋಷ ಹಾಕಿಕೊಂಡು ಬರುತ್ತದೆ. ಹಾಗಾಗಿ ಪ್ರತಿ ಜೋಡಣೆಗೂ ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಕಾಸಿದರೆ ಕುಗ್ಗಿ ಬಿಗಿಯುವ ಕೊಳವೆ) ಎರಡು ಪದರ, ನಡುವೆ ಎಪಾಕ್ಸಿ. ಆಮೇಲೆ ಇಡೀ ಕೇಬಲನ್ನು ಉಪ್ಪು ನೀರಿನಲ್ಲಿ ಮೂರು ದಿನ ಮುಳುಗಿಸಿ, ತಂತಿಗೂ ನೀರಿಗೂ ನಡುವಿನ ರೋಧ ಅಳೆದೆವು. 100 ಮೆಗಾಓಮ್‌ಗಿಂತ ಕಡಿಮೆ ತೋರಿದ ಎರಡು ಜೋಡಣೆಗಳನ್ನು ಕತ್ತರಿಸಿ ಮತ್ತೆ ಮಾಡಿದೆವು. ಈ ಪರೀಕ್ಷೆಯಲ್ಲಿ ಅವಸರ ಬೇಡ. ಬೇರೆ ತಪ್ಪುಗಳನ್ನು ಲೆಕ್ಕದಲ್ಲಿ ತಿದ್ದಬಹುದು, ಇದನ್ನು ತಿದ್ದಲು ಬರುವುದಿಲ್ಲ.

ಕೊನೆಯದು ಸೊನ್ನೆ ಡಿಗ್ರಿಯ ಪರೀಕ್ಷೆ. ಭಟ್ಟಿ ಇಳಿಸಿದ ನೀರಿನಿಂದಲೇ ಮಾಡಿದ ಮಂಜುಗಡ್ಡೆಯನ್ನು ಸಣ್ಣಗೆ ಪುಡಿ ಮಾಡಿ, 40 ಲೀಟರಿನ ದಪ್ಪ ಗೋಡೆಯ ಐಸ್‌ಬಾಕ್ಸ್ ತುಂಬಿಸಿ, ಸಂದು ತುಂಬುವಷ್ಟು ಮಾತ್ರ ತಣ್ಣನೆಯ ಭಟ್ಟಿ ನೀರು ಹಾಕಿ. ನೀರು ಹೆಚ್ಚಾದರೆ ಅದು ತಳದಲ್ಲಿ ನಿಂತು ಬೆಚ್ಚಗಾಗುತ್ತದೆ. ಕೇಬಲನ್ನು ಸುರುಳಿ ಸುತ್ತಿ ಎಲ್ಲ ಸಂವೇದಕಗಳೂ ಗಡ್ಡೆಯ ನಡುವೆ ಮುಳುಗುವಂತೆ ಇಟ್ಟು, ಎರಡು ಗಂಟೆ ಬಿಟ್ಟು, ಹತ್ತು ನಿಮಿಷಕ್ಕೊಮ್ಮೆ ಓದಿ. ಪ್ರತಿ ಸಂವೇದಕ ಸೊನ್ನೆಯಿಂದ ಎಷ್ಟು ಆಚೀಚೆ ಇದೆ ಎಂಬುದನ್ನು ಬರೆದಿಡಿ, ಮುಂದೆ ಎಲ್ಲ ಅಂಕಿಗಳಿಂದ ಅದನ್ನು ಕಳೆಯಬೇಕು. ಮೂರು ಬೇರೆ ದಿನ ಮಾಡಿದೆವು. ನಲ್ಲಿಯ ನೀರು ಬೇಡ, ಅದರ ಲವಣ ಸೊನ್ನೆಯನ್ನೇ ಕೆಳಗಿಳಿಸುತ್ತದೆ. ಅಲ್ಲಿಗೆ ಹೋದ ಮೇಲೆ ಹೊರಗಿನ ಹಿಮ ತಂದು ಮಾಡೋಣ ಎಂದೂ ಅಂದುಕೊಳ್ಳಬೇಡಿ. ಸಮುದ್ರದ ಪಕ್ಕದ ಹಿಮದಲ್ಲಿ ಉಪ್ಪಿರುತ್ತದೆ.

ಸಾಗಣೆಯಲ್ಲಿ ತಡೆಯಾದದ್ದು ಬ್ಯಾಟರಿ. ಆಲ್ಕಲೈನ್ ಸೆಲ್‌ಗಳು ಮೈನಸ್ 20ರ ಚಳಿಯಲ್ಲಿ ಸೋಲುತ್ತವೆ, ಲಿಥಿಯಂ ಥಯೋನಿಲ್ ಕ್ಲೋರೈಡ್ 3.6 ವೋಲ್ಟ್ ಸೆಲ್‌ಗಳು ಮೈನಸ್ 55ರವರೆಗೂ ದುಡಿಯುತ್ತವೆ. ಆದರೆ ಪ್ರಯಾಣಿಕರ ವಿಮಾನದ ಸಾಮಾನಿನಲ್ಲಿ ಒಂದು ಸೆಲ್‌ಗೆ 2 ಗ್ರಾಂ ಲಿಥಿಯಂ ಮಿತಿ ಇದೆ. ಡಿ ಗಾತ್ರದ ಸೆಲ್ ಆ ಮಿತಿಯನ್ನು ಮೀರುತ್ತದೆ, ಎಎ ಗಾತ್ರದ್ದು ಮೀರುವುದಿಲ್ಲ. ಡಿ ಗಾತ್ರದವನ್ನು ಅಪಾಯಕಾರಿ ಸರಕಾಗಿ ಬೇರೆಯೇ ಕಳಿಸಬೇಕಾಯಿತು, ಖರ್ಚು ಸೆಲ್‌ಗಳ ಬೆಲೆಯನ್ನೇ ಮೀರಿತು. ಲಾಗರ್ ಕೊಳ್ಳುವಾಗಲೇ ಎಎ ಸೆಲ್ ಮೇಲೆ ನಡೆಯುವುದನ್ನು ನೋಡಿಕೊಳ್ಳಿ. ಉಪಕರಣಗಳ ಸೀರಿಯಲ್ ನಂಬರುಗಳ ಪಟ್ಟಿಗೆ ಹೊರಡುವ ದಿನವೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮರಳಿ ಬರುವಾಗ ನಿಮ್ಮದೇ ಲಾಗರ್‌ಗೆ ಸುಂಕ ಕೇಳಬಹುದು.

ಸ್ವಾಲ್ಬಾರ್ಡ್‌ನದೇ ನೀ-ಓಲೆಸುಂಡ್ ಊರಿನಲ್ಲಿರುವ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರದ ಮೂಲಕ ಹೋಗುವವರಿಗೆ ಒಂದು ಸೂಚನೆ. 2008ರಲ್ಲಿ ಶುರುವಾದ ಈ ಕೇಂದ್ರ ಇರುವ ಊರಿನ ಸುತ್ತ 20 ಕಿಲೋಮೀಟರ್ ರೇಡಿಯೋ ಮೌನದ ವಲಯ. 2ರಿಂದ 32 ಗಿಗಾಹರ್ಟ್ಸ್ ನಡುವಿನ ಪ್ರಸಾರಕ್ಕೆ ಅವಕಾಶವಿಲ್ಲ, ಆದ್ದರಿಂದ ವೈಫೈ, ಬ್ಲೂಟೂತ್ ಎರಡೂ ಬಂದ್. ಈಗ ಮಾರುಕಟ್ಟೆಯಲ್ಲಿರುವ ಎಷ್ಟೋ ಲಾಗರ್‌ಗಳಿಂದ ಅಂಕಿ ಇಳಿಸಲು ಬ್ಲೂಟೂತ್ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅಲ್ಲಿಗೆ ತಂತಿಯ ಮೂಲಕ ಓದುವಂಥದ್ದೇ ಬೇಕು.

ಕೊರೆಯಲು ಏಪ್ರಿಲ್ ಆರಿಸಿದೆವು. ಬೆಳಕು ದಿನವಿಡೀ ಇರುತ್ತದೆ, ನೆಲದ ಮೇಲೆ ಹಿಮವಿರುತ್ತದೆ. ಕರಗಿದ ಅಥವಾ ಹಿಮವಿಲ್ಲದ ನೆಲದ ಮೇಲೆ ವಾಹನ ಓಡಿಸುವುದು ಅಲ್ಲಿ ನಿಷಿದ್ಧ, ಹಾಗಾಗಿ ಯಂತ್ರವನ್ನು ಸ್ಲೆಡ್ ಮೇಲೆ ಎಳೆದೊಯ್ಯಲು ಇದೊಂದೇ ಕಾಲ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಯಂತ್ರದ ಬಾಡಿಗೆಗೆ ಮತ್ತು ಅದನ್ನು ನಡೆಸುವವರ ಕೂಲಿಗೆ. ಹವಾಮಾನ ಕೆಟ್ಟು ನಾಲ್ಕು ದಿನ ಸುಮ್ಮನೆ ಕೂತಾಗಲೂ ಬಾಡಿಗೆ ಓಡುತ್ತಿತ್ತು. ಬಜೆಟ್‌ನಲ್ಲಿ ಕಾಯುವ ದಿನಗಳನ್ನು ಕೊರೆಯುವ ದಿನಗಳ ಎರಡು ಪಟ್ಟು ಹಾಕಿಕೊಳ್ಳಿ.

ಯಂತ್ರ ನಮ್ಮೂರಿನ ಬೋರ್ ಲಾರಿಯ ಚಿಕ್ಕ ತಮ್ಮ. ಒತ್ತಡದ ಗಾಳಿಯಿಂದ ಬಡಿಯುವ ಹ್ಯಾಮರ್, ಪುಡಿಯನ್ನು ಮೇಲೆತ್ತುವುದೂ ಅದೇ ಗಾಳಿ. ಬಿಟ್ 76 ಮಿಲಿಮೀಟರ್. ನೀರು ಬಳಸುವುದಿಲ್ಲ, ಏಕೆಂದರೆ ಒಂದು ಕಿಲೋ ನೀರು ಹೆಪ್ಪುಗಟ್ಟುವಾಗ 334 ಕಿಲೋಜೂಲ್ ಶಾಖ ಬಿಡುತ್ತದೆ. ಮೀಟರಿಗೆ ಎರಡೇ ಲೀಟರ್ ನೀರು ರಂಧ್ರದಲ್ಲಿ ಉಳಿದರೂ ಸುತ್ತಲಿನ ಒಂದು ಘನ ಮೀಟರ್ ನೆಲವನ್ನು 0.3 ಡಿಗ್ರಿ ಬಿಸಿ ಮಾಡುವಷ್ಟು ಶಾಖ ಅದು. ಗಾಳಿಯೂ ಕಂಪ್ರೆಸರ್‌ನಿಂದ ಬಿಸಿಯಾಗಿಯೇ ಬರುತ್ತದೆ. ಅದನ್ನು ಗಾಳಿ ತಣಿಸುವ ಆಫ್ಟರ್‌ಕೂಲರ್ ದಾಟಿಸಿ, ಉದ್ದದ ಹೋಸ್ ಅನ್ನು ಹಿಮದ ಮೇಲೆ ಹಾಸಿ ತಣಿಸಿದೆವು. ತಣಿದಾಗ ಗಾಳಿಯಲ್ಲಿನ ತೇವ ನೀರಾಗುತ್ತದೆ, ಅದು ಹ್ಯಾಮರ್‌ನೊಳಗೆ ಹೆಪ್ಪುಗಟ್ಟದಂತೆ ಅರ್ಧ ಗಂಟೆಗೊಮ್ಮೆ ಆ ನೀರು ಸೇರುವ ಡಬ್ಬಿಯನ್ನು ತೆರೆದು ಖಾಲಿ ಮಾಡಬೇಕು.

ಆರು ಮೀಟರ್ ದಾಟಿದ ಮೇಲೆ ಮಂಜುಗಡ್ಡೆ ಹೆಚ್ಚಿದ್ದ ಪದರ ಸಿಕ್ಕಿತು. ರಾಡ್ ಜೋಡಿಸಲು ನಿಲ್ಲಿಸಿದ ಹತ್ತು ನಿಮಿಷದಲ್ಲಿ, ಉಜ್ಜಿ ಕರಗಿದ್ದ ನೀರು ಮತ್ತೆ ಹೆಪ್ಪುಗಟ್ಟಿ ರಾಡನ್ನು ಹಿಡಿದುಕೊಂಡಿತು. ಹಿಂದೆ ಮುಂದೆ ತಿರುಗಿಸುತ್ತ, ಗಾಳಿ ಊದುತ್ತ ಇಪ್ಪತ್ತು ನಿಮಿಷ ಕಳೆದ ಮೇಲೆ ಬಿಟ್ಟಿತು. ಮೈನಸ್ 12ರಲ್ಲೂ ಎಲ್ಲರ ಬೆನ್ನು ಬೆವೆತಿತ್ತು. ಅಂದಿನಿಂದ ನಿಲ್ಲಿಸುವ ಪ್ರತಿ ಸಲ ರಾಡನ್ನು ಒಂದು ಮೀಟರ್ ಮೇಲೆತ್ತಿಯೇ ನಿಲ್ಲಿಸಿದೆವು. ಇನ್ನೂ ಕೆಳಗೆ ಉಪ್ಪಿನ ಜೇಡಿ. ಈ ಕಣಿವೆಯ ತಗ್ಗು ಒಂದು ಕಾಲಕ್ಕೆ ಸಮುದ್ರದಡಿ ಇತ್ತು, ಹಾಗಾಗಿ ಮಣ್ಣಿನಲ್ಲಿ ಉಪ್ಪಿದೆ. ಸೊನ್ನೆಗಿಂತ ಎಷ್ಟೋ ಕೆಳಗಿದ್ದರೂ ಅದು ಪೂರ್ತಿ ಗಟ್ಟಿಯಾಗಿರುವುದಿಲ್ಲ, ಪುಡಿ ಬರುವ ಬದಲು ಅಂಟು ಮುದ್ದೆ ಬರುತ್ತದೆ. ಇಲ್ಲಿ ವೇಗ ತಗ್ಗಿಸಿ ಗಾಳಿ ಹೆಚ್ಚಿಸಬೇಕು.

ಕೊರೆದ ಕೂಡಲೇ ಪೈಪ್ ಇಳಿಸಿ. ರಾತ್ರಿ ಬಿಟ್ಟರೆ ಗೋಡೆಯ ಮೇಲೆ ಹಿಮಹರಳು ಕೂತು ದಾರಿ ಕಟ್ಟುತ್ತದೆ. ನಮ್ಮದು ಹೊರವ್ಯಾಸ 40 ಮಿಲಿಮೀಟರಿನ ಪಾಲಿಎಥಿಲೀನ್ ಪೈಪ್, ತಿರುಪಿನ ಜೋಡಣೆ, ಓ-ರಿಂಗ್. ಪಿವಿಸಿ ಚಳಿಗೆ ಸೀಳುತ್ತದೆ, ಅದರ ಅಂಟೂ ಮೈನಸ್ ಉಷ್ಣತೆಯಲ್ಲಿ ಹಿಡಿಯುವುದಿಲ್ಲ. ತಳದ ಮುಚ್ಚಳವನ್ನು ಒಳಗಿನ ಬೆಚ್ಚಗಿನ ಕೋಣೆಯಲ್ಲೇ ಕೂರಿಸಿ, ಗಾಳಿ ತುಂಬಿ ಒಂದು ರಾತ್ರಿ ಸೋರುತ್ತದೆಯೇ ನೋಡಿ. ಪೈಪ್ ಸಣ್ಣದಿರಲಿ. ಚಳಿಗಾಲದಲ್ಲಿ ಮೇಲಿನ ತಣ್ಣನೆಯ ಗಾಳಿ ಪೈಪಿನೊಳಗೆ ಕೆಳಗಿಳಿದು ಸುತ್ತತೊಡಗಿದರೆ ಎಲ್ಲ ಅಂಕಿಯೂ ಕೆಡುತ್ತದೆ. ಹಾಗೆ ಸುತ್ತಲು ಬೇಕಾಗುವ ಉಷ್ಣತೆಯ ಏರು ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ. ವ್ಯಾಸ ಎರಡು ಪಟ್ಟಾದರೆ ಹದಿನಾರರಲ್ಲಿ ಒಂದು ಪಾಲು ಏರು ಸಾಕು. ಸಂವೇದಕಗಳ ನಡುವೆ ಫೋಮ್ ತುಂಡುಗಳನ್ನೂ ಕಟ್ಟಿದ್ದೆವು.

ತೆರೆದ ರಂಧ್ರದ ಗಾಳಿಯ ಈ ತೊಂದರೆ ಹಳೆಯದು. ಸೈಬೀರಿಯಾದ ಯಾಕುತ್ಸ್ಕ್‌ನಲ್ಲಿ ವ್ಯಾಪಾರಿ ಫ್ಯೋದರ್ ಶೆರ್ಗಿನ್ ನೀರಿಗಾಗಿ ತೋಡಿಸಿದ ಬಾವಿ 1837ರಲ್ಲಿ ನಿಂತಾಗ 116.4 ಮೀಟರ್ ಆಳವಾಗಿತ್ತು, ಆದರೂ ಹೆಪ್ಪುನೆಲ ಮುಗಿದಿರಲಿಲ್ಲ. 1844ರಲ್ಲಿ ಅಲ್ಲಿಗೆ ಬಂದ ವಿಜ್ಞಾನಿ ಮಿಡೆನ್‌ಡಾರ್ಫ್ ಬಾವಿಯ ಗಾಳಿಯನ್ನು ನಂಬದೆ ಗೋಡೆಯಲ್ಲಿ ಅಡ್ಡ ರಂಧ್ರ ಕೊರೆಸಿ ಅದರೊಳಗೆ ಥರ್ಮಾಮೀಟರ್ ಇಟ್ಟ.

ಪೈಪಿಗೂ ರಂಧ್ರದ ಗೋಡೆಗೂ ನಡುವಿನ ಸಂದಿಗೆ ಒಲೆಯಲ್ಲಿ ಒಣಗಿಸಿದ ಮರಳು. ಲೆಕ್ಕಕ್ಕೆ 66 ಲೀಟರ್, ಸುಮಾರು 105 ಕಿಲೋ, ಒಯ್ದದ್ದು 140 ಕಿಲೋ, ಉಳಿದದ್ದು ಒಂದು ಚೀಲಕ್ಕಿಂತ ಕಡಿಮೆ. ತೇವವಿದ್ದರೆ ಮರಳು ಅರ್ಧ ದಾರಿಯಲ್ಲೇ ಹೆಪ್ಪುಗಟ್ಟಿ ಕೆಳಗೆ ಟೊಳ್ಳು ಉಳಿಯುತ್ತದೆ. ನಿಧಾನವಾಗಿ ಸುರಿಯುತ್ತ, ಪೈಪನ್ನು ಮೆಲ್ಲಗೆ ತಟ್ಟುತ್ತ ತುಂಬಬೇಕು. ಮೇಲಿನ ಒಂದೂವರೆ ಮೀಟರಿಗೆ ಇನ್ನೊಂದು ದೊಡ್ಡ ಪೈಪಿನ ಅಂಗಿ, ನಡುವೆ ಗ್ರೀಸ್. ಕರಗುಪದರ ಹೆಪ್ಪುಗಟ್ಟಿ ಉಬ್ಬುವಾಗ ಪೈಪನ್ನು ಹಿಡಿದು ಮೇಲಕ್ಕೆ ಕೀಳುತ್ತದೆ. ಅಂಗಿ ಇದ್ದರೆ ಅಂಗಿ ಮಾತ್ರ ಏಳುತ್ತದೆ.

ಲಾಗರ್ ಪೆಟ್ಟಿಗೆ ನೆಲದಿಂದ 30 ಸೆಂಟಿಮೀಟರ್ ಮೀರದಿರಲಿ. ಎತ್ತರವಾದರೆ ಹಿಂದೆ ಹಿಮದ ದಿಬ್ಬ ಕಟ್ಟುತ್ತದೆ, ಹಿಮ ಕಂಬಳಿಯಂತೆ ಕೆಲಸ ಮಾಡಿ ನೆಲವನ್ನು ಬೆಚ್ಚಗಿಡುತ್ತದೆ. ಸ್ನೋಮೊಬೈಲ್ ರಂಧ್ರದ ಹತ್ತಿರ ಹೋದರೆ ಹಿಮ ಅಮುಕಿ ಉಲ್ಟಾ ಪರಿಣಾಮ. ಹೊರಗೆ ಕಾಣುವ ಕೇಬಲ್ ಒಂದು ಗೇಣು ಇದ್ದರೂ ಅದನ್ನು ಉಕ್ಕಿನ ಕೊಳವೆಯಲ್ಲಿ ಹಾಕಿ, ನರಿಗಳು ಕಡಿಯುತ್ತವೆ. ಲಾಗರ್ ಗಡಿಯಾರ ಯುಟಿಸಿಯಲ್ಲಿರಲಿ (ಜಾಗತಿಕ ಪ್ರಮಾಣಿತ ಸಮಯ). ಗಂಟೆಗೊಂದು ಓದು, ಹದಿನಾರು ಚಾನೆಲ್, ವರ್ಷಕ್ಕೆ 1,40,160 ಅಂಕಿ. ಮೆಮೊರಿ ಎರಡು ವರ್ಷಕ್ಕೆ ಸಾಲುತ್ತದೆಯೇ ನೋಡಿ, ಒಂದು ವರ್ಷ ಹೋಗಲಾಗದಿದ್ದರೆ ಹಳೆಯದು ಅಳಿಸಿಹೋಗಬಾರದು.

ಆಮೇಲೆ ಕಾಯುವುದು. ಮೊದಲ ವಾರದ ಅಂಕಿಗಳನ್ನು ನೋಡಿ ಖುಷಿಪಡಬೇಡಿ, ಅವು ಯಂತ್ರದ ಶಾಖ. ಕೊರೆದ ಅವಧಿ ಚಿಕ್ಕದಾಗಿದ್ದರೆ ಉಳಿದ ಶಾಖ ಹೆಚ್ಚುಕಡಿಮೆ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ. 10 ಮೀಟರ್‌ಗಿಂತ ಕೆಳಗಿನ ಅಂಕಿಗಳನ್ನು ಕಾಲದ ವಿಲೋಮದ ಎದುರು ಗ್ರಾಫ್ ಹಾಕಿದರೆ ಸರಳ ರೇಖೆ ಬರಬೇಕು. ಕಾಲದ ವಿಲೋಮ ಸೊನ್ನೆಯಾಗುವ ಕಡೆ ಆ ರೇಖೆ ತೋರುವುದೇ ನೆಲದ ನಿಜವಾದ ಉಷ್ಣತೆ. ರೇಖೆ ಬಾಗಿದರೆ ಎಲ್ಲೋ ನೀರು ಸೇರಿ ಹೆಪ್ಪುಗಟ್ಟುತ್ತಿದೆ. ನಾವು ಮೊದಲ ಇಡೀ ವರ್ಷವನ್ನು ವಿಶ್ಲೇಷಣೆಯಿಂದ ಹೊರಗಿಟ್ಟೆವು. ಮನಸ್ಸಿಗೆ ಕಷ್ಟವಾಯಿತು, ಆದರೂ ಅದೇ ಸರಿ.

ಮೊದಲ ಶರತ್ಕಾಲದ ಅಂಕಿಗಳಲ್ಲಿ ಒಂದು ಉಡುಗೊರೆ ಇರುತ್ತದೆ. ಕರಗುಪದರ ಮತ್ತೆ ಹೆಪ್ಪುಗಟ್ಟುವಾಗ ಅದರ ನೀರೆಲ್ಲ ಗಡ್ಡೆಯಾಗುವವರೆಗೆ ಉಷ್ಣತೆ ಸೊನ್ನೆಯಲ್ಲೇ ವಾರಗಟ್ಟಲೆ ನಿಲ್ಲುತ್ತದೆ. ಮೇಲಿನ ಮೂರು ಸಂವೇದಕಗಳಿಗೆ ನೆಲವೇ ಮಾಡಿಕೊಡುವ ಐಸ್‌ಬಾಕ್ಸ್ ಪರೀಕ್ಷೆ ಇದು. ಯಾವುದಾದರೂ 0.05ರಲ್ಲಿ ನಿಂತರೆ ಅದು ಅಷ್ಟು ಸರಿದಿದೆ ಎಂದರ್ಥ. ಮಣ್ಣಿನಲ್ಲಿ ಉಪ್ಪಿದ್ದರೆ ಮಾತ್ರ ಇದನ್ನು ನಂಬಬೇಡಿ, ಅಲ್ಲಿ ಹೆಪ್ಪುಗಟ್ಟುವುದೇ ಸೊನ್ನೆಗಿಂತ ಕೆಳಗೆ.

ಎರಡನೇ ಏಪ್ರಿಲ್‌ನಲ್ಲಿ ಹೋದಾಗ ಕೇಬಲ್ ಅಲುಗಲಿಲ್ಲ. ಪೆಟ್ಟಿಗೆಯ ರಬ್ಬರ್ ವಾಷರ್ ಸರಿಯಾಗಿ ಕೂರದೆ ಬೇಸಿಗೆಯ ತೇವ ಪೈಪಿಗೆ ಇಳಿದು, ಎರಡು ಮೀಟರ್ ಸುಮಾರಿಗೆ ಹೆಪ್ಪುಗಟ್ಟಿತ್ತು. ಎಳೆದು ಕೀಳುವ ಆಸೆಯನ್ನು ತಡೆದು ಅಂಕಿಗಳನ್ನಷ್ಟೇ ಇಳಿಸಿಕೊಂಡು, ವಾಷರ್ ಬದಲಿಸಿ, ಒಳಗೆ ಸಿಲಿಕಾ ಜೆಲ್ ಚೀಲಗಳನ್ನಿಟ್ಟು ಬಂದೆವು. ಹಾಗೆ ಸಿಕ್ಕಿಕೊಂಡ ಕೇಬಲನ್ನು ಎಳೆದರೆ ಜೋಡಣೆ ಬಿರಿಯುತ್ತದೆ, ತೇವದ ಕಥೆ ಅಲ್ಲಿಂದ ಶುರು. ಮೂರನೇ ಏಪ್ರಿಲ್‌ನಲ್ಲಿ ಓದಿದ ಎರಡನೇ ವರ್ಷದ ಅಂಕಿಗಳಲ್ಲಿ ಹತ್ತು ಮೀಟರಿನ ಅಲೆ ಮೇಲ್ಮೈಗೆ ಅರ್ಧ ವರ್ಷ ಹಿಂದೆ ಬಂದಿತ್ತು, ಇಪ್ಪತ್ತು ಮೀಟರಿನ ರೇಖೆ ಹೆಚ್ಚುಕಡಿಮೆ ಅಡ್ಡಕ್ಕೆ ನಿಂತಿತ್ತು. ಲೆಕ್ಕದಲ್ಲಿ ಬರೆದದ್ದೇ ನೆಲದಲ್ಲೂ ಕಂಡಾಗ ಆದ ಸಮಾಧಾನ ದೊಡ್ಡದು.

ಅಂಕಿಗಳನ್ನು ಪರ್ಮಾಫ್ರಾಸ್ಟ್‌ನ ಜಾಗತಿಕ ಜಾಲವಾದ ಜಿಟಿಎನ್-ಪಿಗೆ ಕಳಿಸುವಾಗ ತಿದ್ದಿದ ಅಂಕಿಯ ಜೊತೆ ತಿದ್ದದ ಅಂಕಿಯನ್ನೂ, ಐಸ್‌ಬಾಕ್ಸ್ ಪರೀಕ್ಷೆಯ ದಿನಾಂಕಗಳನ್ನೂ, ಕೊರೆಯಲು ಶುರು ಮಾಡಿದ ಮತ್ತು ನಿಲ್ಲಿಸಿದ ಗಂಟೆಯನ್ನೂ ಸೇರಿಸಿ. ಅದೇ ವಿವರದ ಒಂದು ಪ್ರತಿಯನ್ನು, ಪ್ರತಿ ತಂತಿಯ ಬಣ್ಣಕ್ಕೆ ಎದುರಾದ ಆಳದ ಸಮೇತ, ಪೆನ್ಸಿಲ್‌ನಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಲಾಗರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇವೆ. ಪೆನ್ನಿನ ಶಾಯಿ ಚಳಿಗೆ ಹೆಪ್ಪುಗಟ್ಟಿ ಬರೆಯುವುದಿಲ್ಲ, ಬರೆದದ್ದೂ ತೇವಕ್ಕೆ ಹರಡುತ್ತದೆ.